ಮಾತು ಬಿಟ್ಟ ಹನ್ನೊಂದು ದಿನ

ಫೆಬ್ರವರಿ 3, ಸೋಮವಾರ

ಈ ನೋಟ್‌ಪುಸ್ತಕವನ್ನು ಪಾಸ್ಟರು ಬಸ್ಸಿನಲ್ಲಿ ಎಲ್ಲರಿಗೂ ಒಂದೊಂದು ಹಂಚಿದರು. ದೇವರು ಮಾಡಿದ ಉಪಕಾರಗಳನ್ನು ದಿನಾ ಇದರಲ್ಲಿ ಬರೆಯಬೇಕಂತೆ. ಮೊದಲನೆಯ ಉಪಕಾರ: ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎರಡನೆಯದು: ಪಕ್ಕದಲ್ಲಿ ಕೂತ ನಾದಿನಿ ಏಳು ಗಂಟೆಯ ದಾರಿಯಲ್ಲಿ ಎರಡು ಗಂಟೆ ನಿದ್ದೆ ಮಾಡಿದಳು. ಮೂರನೆಯದು ಹೊಳೆಯುತ್ತಿಲ್ಲ.

ನಾನಾಗಿ ಬಂದವಳಲ್ಲ. ನಾದಿನಿ ಎಳೆದು ತಂದಳು. "ಅಣ್ಣ ಹೋಗಿ ಏಳು ತಿಂಗಳಾಯ್ತು ಅತ್ತಿಗೆ. ಹೊಲಿಗೆ ಮೆಷಿನ್ ಮುಂದೆ ಕೂತು ಕೂತು ನೀವೂ ಮೆಷಿನ್ನೇ ಆಗಿಬಿಟ್ಟಿದ್ದೀರಿ. ಎರಡು ವಾರ ಕೈಯಾರೆ ಸೇವೆ ಮಾಡಿ, ಮನಸ್ಸು ಹಗುರಾಗುತ್ತೆ." ಮನಸ್ಸು ಹಗುರಾಗಲು ಇಟ್ಟಿಗೆ ಹೊರಬೇಕು ಎಂದು ಯಾವ ವೈದ್ಯ ಬರೆದುಕೊಟ್ಟನೋ.

ಊರಾಚೆ ಒಂದು ಸಣ್ಣ ಮಿಷನ್ ಆಸ್ಪತ್ರೆ. ರೋಗಿಗಳಿಗೆ ಮಂಚವಿದೆ. ಅವರ ಜೊತೆ ಬಂದವರು ಮಾತ್ರ ಮೆಟ್ಟಿಲ ಕೆಳಗೆ ಚೀಲ ತಲೆಗಿಟ್ಟುಕೊಂಡು ಮುದುಡಿ ಮಲಗುತ್ತಾರೆ. ಅಂಥವರು ತಂಗಲು ಎರಡು ಕೋಣೆ ಕಟ್ಟಿಕೊಡುವುದು ನಮ್ಮ ಸಭೆಯ ಸೇವೆ. ಹನ್ನೆರಡು ಜನ ಬಂದಿದ್ದೇವೆ, ಒಬ್ಬರಿಗೂ ಗೋಡೆ ಕಟ್ಟಿ ಗೊತ್ತಿಲ್ಲ. ಆಸ್ಪತ್ರೆಯವರು ಒಬ್ಬ ಮೇಸ್ತ್ರಿಯನ್ನೂ ಅವರ ಹೆಂಡತಿಯನ್ನೂ ಕೆಲಸಕ್ಕೆ ಇಟ್ಟಿದ್ದಾರೆ. "ಅವರು ನಮ್ಮ ಸಹಾಯಕ್ಕೆ" ಎಂದರು ಪಾಸ್ಟರು. ಪಾಸ್ಟರಿಗೆ ಇನ್ನೂ ಮೂವತ್ತು ತುಂಬಿಲ್ಲ, ಎಲ್ಲದಕ್ಕೂ ಕಣ್ಣು ಅರಳಿಸುತ್ತಾರೆ. ಯಾರು ಯಾರ ಸಹಾಯಕ್ಕೆ ಎಂದು ನಾನು ಕೇಳಲು ಹೋಗಲಿಲ್ಲ.

ಊರಿಗೆ ವಾಪಸ್ಸು ಹೊರಡುವ ಹಿಂದಿನ ಸಂಜೆ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಂತು ಸಾಕ್ಷಿ ಹೇಳಬೇಕು. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಎಂದು. ನಾದಿನಿ ಆಗಲೇ ಪಾಸ್ಟರ ಕಿವಿಗೆ ಹಾಕಿದ್ದಾಳೆ. "ನಮ್ಮ ಅತ್ತಿಗೆದು ಕೇಳಬೇಕು ನೀವು. ಇಪ್ಪತ್ತಾರು ವರ್ಷದ ಸಂಸಾರ, ಒಂದು ದಿನ ಏರು ದನಿಯಲ್ಲಿ ಮಾತಾಡಿದವರಲ್ಲ. ಅಂಥ ಗಂಡನ್ನ ಕಳ್ಕೊಂಡೂ ಹೇಗೆ ನಿಂತಿದಾರೆ ನೋಡಿ."

ಏರು ದನಿ ಇರಲಿಲ್ಲ, ನಿಜ. ನನ್ನ ಜಗಳಕ್ಕೆ ದನಿಯೇ ಇಲ್ಲ. ನಾನು ಮಾತು ಬಿಡುವವಳು. ಅವರು ಸತ್ತ ದಿನಕ್ಕೆ ನಾನು ಅವರ ಹತ್ತಿರ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಅವರಿಗೆ ಗೊತ್ತಿತ್ತು, ನನಗೆ ಗೊತ್ತು. ಈಗ ಈ ಪುಸ್ತಕಕ್ಕೆ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ನೆಲದ ಮೇಲೆ ಸಾಲು ಹೋಗುತ್ತಿದ್ದ ಇರುವೆಗಳನ್ನು ನೋಡುತ್ತಿದ್ದೆ. ಆಮೆನ್ ಎಂದು ತುಟಿ ಆಡಿಸಿದೆ. ಮೇಲಿರುವವನಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅವನ ಹತ್ತಿರ ಮಾತು ಬಿಟ್ಟೂ ಏಳು ತಿಂಗಳಾಯಿತು.

ಆಮೇಲೆ ಕೆಲಸ. ಪಾಸ್ಟರು ಹಾಡು ಶುರು ಮಾಡುತ್ತಾರೆ, ನಾವೆಲ್ಲ ತಾಳಕ್ಕೆ ಸರಿಯಾಗಿ ಇಟ್ಟಿಗೆ ದಾಟಿಸಿ ಗೋಡೆಯ ಮೇಲೆ ಇಡುತ್ತೇವೆ. ಪಲ್ಲವಿ ಬಂದಾಗ ಉತ್ಸಾಹ ಜಾಸ್ತಿ, ಗಾರೆ ಕಡಿಮೆ. ಸಂಜೆ ಹೊತ್ತಿಗೆ ಗೋಡೆ ಬಳುಕುತ್ತಿತ್ತು. ನಮ್ಮ ತಂಡದಲ್ಲಿ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಒಬ್ಬರಿದ್ದಾರೆ, ಎಲ್ಲರೂ ಬ್ಯಾಂಕ್ ಅಂಕಲ್ ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಕಲ್ ಸೊಂಟದ ಮೇಲೆ ಕೈ ಇಟ್ಟು, "ಈ ಇಟ್ಟಿಗೆಗಳೇ ಸರಿ ಇಲ್ಲ" ಎಂದು ತೀರ್ಪು ಕೊಟ್ಟರು.

ಮಧ್ಯಾಹ್ನ ಒಂದು ತಮಾಷೆ. ಮೇಸ್ತ್ರಿ ನನ್ನ ಕಡೆ ತಿರುಗಿ, "ಅಮ್ಮ, ಗಾರೆಗೆ ಇನ್ನೊಂಚೂರು ನೀರು ಬೇಕು ಅಂತ ಹೇಳಿ" ಅಂದರು.

"ಯಾರಿಗೆ?"

"ಅವರಿಗೆ."

ಅವರ ಹೆಂಡತಿ ಮೂರು ಮೊಳ ದೂರದಲ್ಲಿ ಸಲಿಕೆ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಮುಖ ನೋಡಿ, "ನೀರು ಸಾಕು, ಜಾಸ್ತಿ ಆದ್ರೆ ಇಟ್ಟಿಗೆ ಜಾರುತ್ತೆ ಅಂತ ಹೇಳಿ ಅವರಿಗೆ" ಅಂದರು.

ಉಳಿದವರು ಏನೋ ನಾಚಿಕೆ ಇರಬೇಕು ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲದು.

ಫೆಬ್ರವರಿ 6, ಗುರುವಾರ

ಐದು ಗಂಟೆಗೇ ಎಚ್ಚರವಾಯಿತು. ಹೊರಗೆ ಟಕ್ ಟಕ್ ಎಂದು ಸದ್ದು. ನಾದಿನಿ ಬಾಯಿ ತೆರೆದು ಮಲಗಿದ್ದಳು. ಶಾಲು ಹೊದ್ದು ಹೋಗಿ ನೋಡಿದರೆ, ಮೇಸ್ತ್ರಿ ನಾವು ನಿನ್ನೆ ಕಟ್ಟಿದ ಸಾಲುಗಳನ್ನು ಕೀಳುತ್ತಿದ್ದರು. ಕರಣೆಯನ್ನು ಸಂದಿಗೆ ತೂರಿಸಿ ಸ್ವಲ್ಪ ಮೀಟಿದರೆ ಸಾಕು, ಇಟ್ಟಿಗೆ ಕೈಗೇ ಬರುತ್ತಿತ್ತು. ಹೆಂಡತಿ ಅದಕ್ಕೆ ಅಂಟಿದ ಗಾರೆ ಕೆರೆದು ತೆಗೆದು, ನೀರಿನ ಡ್ರಮ್ಮಿಗೆ ಹಾಕುತ್ತಿದ್ದರು. ಇಬ್ಬರದೂ ಒಂದು ಮಾತಿಲ್ಲ.

"ಏನ್ ಮಾಡ್ತಿದೀರಿ?" ಎಂದೆ.

ಮೇಸ್ತ್ರಿ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತರು. "ಏನಿಲ್ಲಮ್ಮ. ಸ್ವಲ್ಪ ಸರಿ ಮಾಡ್ತಿದೀನಿ."

"ದಿನಾನಾ?"

"ಒಣ ಇಟ್ಟಿಗೆ ಗಾರೆಯಲ್ಲಿರೋ ನೀರನ್ನೆಲ್ಲ ಹೀರ್ಕೊಂಡ್ಬಿಡುತ್ತೆ. ಆಮೇಲೆ ಹಿಡಿಯಲ್ಲ. ನೋಡೋಕೆ ಗೋಡೆ, ಕೈ ಇಟ್ರೆ ಬರೀ ರಾಶಿ. ಮೊದಲನೇ ದಿನಾನೇ ಹೇಳಿದೆ, ನೆನೆಸಿದ್ದನ್ನೇ ತಗೊಳ್ಳಿ ಅಂತ. ಒಣಗಿದ ರಾಶಿ ಹತ್ರ ಇತ್ತಲ್ಲ, ಹಾಡ್ತಾ ಹಾಡ್ತಾ ಅಲ್ಲಿಂದಾನೇ ಎತ್ಕೊಂಡ್ರು."

"ಮತ್ತೊಂದ್ಸಲ ಹೇಳ್ಬೇಕಿತ್ತು."

"ಅಷ್ಟು ದೂರದಿಂದ ಬಂದಿದೀರಿ, ಪ್ರೀತಿಯಿಂದ ಮಾಡ್ತೀರಿ. ಯಾಕೆ ಮನಸ್ಸು ನೋಯಿಸೋದು? ಯಾವ ತಂಡ ಬಂದ್ರೂ ಹೀಗೇನೇ. ಯಾರಿಗೂ ಹೇಳ್ಬೇಡಿ ಅಮ್ಮ."

ಏಳು ಗಂಟೆಗೆ ತಂಡವೆಲ್ಲ ಬಂತು. ಪಾಸ್ಟರು ಗೋಡೆಯ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡು ಮಧ್ಯಕ್ಕೆ ಬಂದು ನಿಂತಿತು. "ನೋಡಿ! ಕರ್ತನೇ ನಮ್ಮ ಕೈ ಹಿಡಿದು ಕಟ್ಟಿಸ್ತಿದಾನೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿಯೂ ತಟ್ಟಿದರು.

ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರ ರವಿಕೆಗಳನ್ನು ನಾನೂ ಬಿಚ್ಚಿ ಮತ್ತೆ ಹೊಲಿದು ಗಿರಾಕಿಗೆ ಕೊಟ್ಟಿದ್ದೇನೆ. ಆದರೆ ಬೈಯದೆ ಒಂದನ್ನೂ ಬಿಟ್ಟವಳಲ್ಲ. ಈ ಮನುಷ್ಯ ಅತಿ ಎನ್ನುವಷ್ಟು ಒಳ್ಳೆಯವರು. ಹಾಗಿದ್ದರೆ ಹೆಂಡತಿ ಯಾಕೆ ಮಾತು ಬಿಟ್ಟಿದ್ದಾರೆ?

ಫೆಬ್ರವರಿ 7, ಶುಕ್ರವಾರ

ಅಂಗೈಯಲ್ಲಿ ನಾಲ್ಕು ಬೊಬ್ಬೆ. ಎರಡು ಒಡೆದಿವೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಉಪಕಾರ: ಇಲ್ಲ.

ಫೆಬ್ರವರಿ 9, ಭಾನುವಾರ

ಇವತ್ತು ಕೆಲಸವಿಲ್ಲ. ಕೆಲಸವಿಲ್ಲದ ದಿನ ನನಗಾಗುವುದಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ಪೇಟೆ ನೋಡಲು ಹೋದರು. ತಲೆನೋವು ಎಂದು ಹೇಳಿ ಉಳಿದೆ.

ಬರೆದುಬಿಡುತ್ತೇನೆ.

ಅವರು ಹೋಗುವ ಹನ್ನೊಂದು ದಿನ ಮೊದಲು ನಾದಿನಿಯ ಮನೆಯಲ್ಲಿ ಊಟ. ಹತ್ತು ಹದಿನೈದು ಜನ. ಯಾರೋ ನನ್ನ ಹೊಲಿಗೆ ಹೊಗಳಿದರು. ಇವರು ತಟ್ಟೆಯಿಂದ ತಲೆ ಎತ್ತದೆ, "ಊರವರಿಗೆಲ್ಲ ಹೊಲಿದುಕೊಡ್ತಾಳೆ ಮಾರಾಯ್ರೆ, ನನ್ನ ಷರ್ಟಿನ ಗುಂಡಿ ಮಾತ್ರ ಆರು ತಿಂಗಳಿಂದ ಜೇಬಲ್ಲೇ ಇದೆ" ಎಂದು ಜೇಬಿನಿಂದ ಗುಂಡಿ ತೆಗೆದು ಎಲ್ಲರಿಗೂ ತೋರಿಸಿದರು. ಮನೆ ಹಾರಿಹೋಗುವ ಹಾಗೆ ನಗು. ನಾದಿನಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಮಾತು ಬಿಟ್ಟೆ.

ಸುಳ್ಳು ಹೇಳಿದ್ದರೆ ಜಗಳ ಆಡುತ್ತಿದ್ದೆ. ನಿಜ ಹೇಳಿದ್ದರಿಂದಲೇ ನಾಟಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಹನ್ನೊಂದು ಸಲ ಉಂಡು ಮಲಗಿದೆವು. ಮೂರನೆಯ ದಿನ ಕ್ಷಮಿಸು ಎಂದರು. ಐದನೆಯ ದಿನ ಇಲ್ಲದ ಕೆಮ್ಮು ಕೆಮ್ಮಿದರು, ಔಷಧಿ ಬೇಕಾ ಎಂದು ನಾನು ಬಾಯಿ ಬಿಡಲಿ ಎಂದು. ನನಗೆ ಒಳಗೊಳಗೇ ನಗು ಬಂತು, ಆದರೂ ಸೀಸೆಯನ್ನು ಟಕ್ಕೆಂದು ಮೇಜಿನ ಮೇಲಿಟ್ಟು ಬಂದೆ. ಇನ್ನೆರಡು ದಿನ ಸತಾಯಿಸೋಣ, ಇನ್ನೆರಡು ದಿನ. ಹೀಗೇ ಹನ್ನೊಂದು. ಆವತ್ತು ಬಸ್ ನಿಲ್ದಾಣದಲ್ಲಿ ಕೂತವರು ಕೂತ ಹಾಗೇ ಹೋದರು. ಎದೆ ನಿಂತುಹೋಯಿತು ಎಂದರು.

ಮನೆಗೆ ತಂದು ಮಲಗಿಸಿದಾಗ ಅದೇ ಬಿಳಿ ಷರ್ಟು. ಗುಂಡಿ ಇತ್ತು. ಕಪ್ಪು ದಾರದಲ್ಲಿ, ಅಡ್ಡಾದಿಡ್ಡಿ, ನಾಲ್ಕು ತೂತಿನಲ್ಲಿ ಎರಡಕ್ಕೆ ಮಾತ್ರ ದಾರ ಹಾಕಿ ಹೊಲಿದಿತ್ತು. ನಾನು ಅಂಗಡಿಗೆ ಹೋಗಿದ್ದಾಗ ನನ್ನ ಡಬ್ಬಿಯಿಂದಲೇ ಸೂಜಿ ತೆಗೆದು ಹೊಲಿದುಕೊಂಡಿರಬೇಕು. ಬಿಳಿ ದಾರ ಎಲ್ಲಿದೆ ಎಂದು ಯಾರನ್ನು ಕೇಳಬೇಕಿತ್ತು ಅವರು?

ಆವತ್ತು ಸುತ್ತ ನಿಂತವರೆಲ್ಲ ಎಂಥ ಜೋಡಿ, ಎಂಥ ಜೋಡಿ ಎಂದು ಅಳುತ್ತಿದ್ದರು. ನಾನು ಗುಂಡಿ ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಗಟ್ಟಿ ಹೆಂಗಸು ಅಂದರು. ಒಣ ಹೆಂಗಸು ಅನ್ನಬೇಕಿತ್ತು.

ಫೆಬ್ರವರಿ 10, ಸೋಮವಾರ

ನಾಲ್ಕೂವರೆಗೆ ಎದ್ದು ಹೋದೆ. "ನನಗೂ ಕಲಿಸಿ. ದಿನಾ ಬೆಳಿಗ್ಗೆ ನಮ್ಮ ತಪ್ಪು ಬಿಚ್ಚೋದನ್ನ ನೋಡೋಕಾಗಲ್ಲ" ಎಂದೆ. ಮೇಸ್ತ್ರಿ ಬೇಡ ಅಂದರು. ಹೆಂಡತಿ, "ಕಲೀಲಿ ಬಿಡಿ ಅಂತ ಹೇಳಿ ಅವರಿಗೆ" ಎಂದು ನನಗೇ ಹೇಳಿದರು. ನಾನು ನನ್ನ ಪರವಾಗಿ ನಾನೇ ಶಿಫಾರಸು ಮಾಡಿದೆ.

ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಮೊದಲು ಸಣ್ಣಗೆ ಸುಯ್ ಎನ್ನುತ್ತದೆ, ಗುಳ್ಳೆ ಬರುತ್ತದೆ. ಗುಳ್ಳೆ ನಿಂತ ಮೇಲೆ ತೆಗೆಯಬೇಕು, ನೀರು ಬಸಿಯಲು ಬಿಡಬೇಕು. ಗೋಡೆಯ ಎರಡೂ ತುದಿಗೆ ದಾರ ಎಳೆದು ಕಟ್ಟಿ, ಆ ದಾರಕ್ಕೆ ತಾಗಿಯೂ ತಾಗದ ಹಾಗೆ ಇಡಬೇಕು. ದಾರ ನೋಡುವುದು ನನಗೆ ಗೊತ್ತು, ಮೂವತ್ತು ವರ್ಷದ ಕಣ್ಣು. ಗಾರೆ ಹಾಸುವುದು ಮಾತ್ರ ಬರುತ್ತಿಲ್ಲ.

ದಾರದ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಹೆಂಡತಿ. ಮೇಲೆ, ಕೆಳಗೆ ಎಂದು ಕೂಗಿ ಹೇಳಬೇಕಾದದ್ದು ಗಂಡ. ಇವರು ಕೂಗುವ ಹಾಗಿಲ್ಲವಲ್ಲ. ಇಷ್ಟು ದಿನ ಹೇಗೆ ಮಾಡುತ್ತಿದ್ದಿರಿ ಎಂದರೆ ಮೇಸ್ತ್ರಿ, "ಕರಣೆಯಿಂದ ಇಟ್ಟಿಗೆ ಮೇಲೆ ತಟ್ಟೋದು. ಒಂದು ಸಲ ತಟ್ಟಿದ್ರೆ ಮೇಲೆ, ಎರಡು ಸಲ ಅಂದ್ರೆ ಕೆಳಗೆ" ಅಂದರು. ಗುರುವಾರ ಬೆಳಿಗ್ಗೆ ನಾನು ಕೇಳಿದ ಟಕ್ ಟಕ್ ಅದೇ.

ಈಗ ನಾನಿದ್ದೇನೆ. "ಸ್ವಲ್ಪ ಮೇಲೆ ಅಂತೆ." "ಸಾಕಾ ಕೇಳಿ ಅಂತೆ." "ಸಾಕಂತೆ." ಅಂತೆ ಅಂತೆ ಎಂದು ಬೆಳಗಿನ ಎರಡು ಗಂಟೆ ಕಳೆಯಿತು.

ಚಹಾ ಕುಡಿಯುವಾಗ ಹೆಂಡತಿ ಹೇಳಿದರು. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾದಳು. ಮೇಸ್ತ್ರಿ ಮದುವೆಗೂ ಹೋಗಲಿಲ್ಲ, ಮನೆಯ ಬಾಗಿಲನ್ನೂ ಅವಳಿಗೆ ತೆರೆಯಲಿಲ್ಲ. "ಅವಳ ಹತ್ರ ಯಾವತ್ತು ಮಾತಾಡ್ತೀರೋ ಅವತ್ತು ನನ್ನ ಹತ್ರ ಮಾತಾಡಿ ಅಂದೆ. ಎರಡು ವರ್ಷ ಆಯ್ತು."

"ಎರಡು ವರ್ಷ!"

"ಅಡುಗೆ ಮಾಡ್ತೀನಿ, ಬಟ್ಟೆ ಒಗೀತೀನಿ, ಗಾರೆ ಕಲಸ್ತೀನಿ. ಮಾತೊಂದೇ ಇಲ್ಲ. ಊರವರ ತಪ್ಪು ಎಲ್ಲ ಮುಚ್ತಾರೆ ಈ ಮಹಾನುಭಾವರು. ಹೆತ್ತ ಮಗಳದ್ದು ಮಾತ್ರ ಆಗಲ್ಲ."

ಆಕೆಯ ಮೌನಕ್ಕೆ ಒಂದು ನ್ಯಾಯವಿದೆ. ನನ್ನದಕ್ಕೆ ಒಂದು ಗುಂಡಿ.

ಫೆಬ್ರವರಿ 11, ಮಂಗಳವಾರ

ಬಿಸಿಲು ಜೋರಾಗಿತ್ತು. ಕಟ್ಟಿದ ಗೋಡೆ ಒಣಗಬಾರದು, ಮೂರು ಹೊತ್ತು ನೀರು ಹಾಕಬೇಕು. ಆ ಕೆಲಸ ಕೇಳಿ ತೆಗೆದುಕೊಂಡೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಒಬ್ಬಳೇ ತಂಬಿಗೆಯಿಂದ ಸಾಲು ಸಾಲಾಗಿ ಹಾಕುತ್ತಾ ಹೋದೆ. ಗೋಡೆ ಕುಡಿಯುವುದು ಕೇಳಿಸುತ್ತದೆ. ಮೆಟ್ಟಿಲ ಕೆಳಗೆ ಒಬ್ಬಾಕೆ ತನ್ನ ಗಂಡನ ಊಟದ ಡಬ್ಬಿ ತೊಳೆಯುತ್ತಾ ಕೂತಿದ್ದಳು. ನನ್ನ ಬಕೆಟ್ಟು ಖಾಲಿಯಾದಾಗ ಏನೂ ಕೇಳದೆ ಎದ್ದು ಬಂದು ತುಂಬಿಸಿಕೊಟ್ಟಳು.

ಕೈ ನೋಯುತ್ತಿದೆ, ಕರ್ತನೇ. ಇವತ್ತಿಗೆ ಇಷ್ಟೇ.

ಫೆಬ್ರವರಿ 12, ಬುಧವಾರ

ನಿನ್ನೆ ಒಂದು ಸಾಲನ್ನು ಪೂರಾ ನಾನೇ ಕಟ್ಟಿದ್ದೆ. ಹಾಡು ಓಡುತ್ತಿತ್ತು, ನಾನು ತಾಳಕ್ಕೆ ಸಿಗಲಿಲ್ಲ. ಬ್ಯಾಂಕ್ ಅಂಕಲ್, "ಏನು ಟೈಲರಮ್ಮ, ಇಟ್ಟಿಗೆಗೆ ಕಸೂತಿ ಹಾಕ್ತಿದೀರಾ?" ಎಂದು ರೇಗಿಸಿದರು. "ನಿಮ್ಮ ಹಾಗೆ ಬರೀ ಸಹಿ ಹಾಕಿ ಬಿಡೋಕೆ ಬರಲ್ಲ ನಂಗೆ" ಎಂದೆ. ಆದರೂ ಎದುರಿಗೆ ಇದ್ದ ನೆನೆದ ಇಟ್ಟಿಗೆಯನ್ನು ಅವರ ಕೈಗೆ ಕೊಟ್ಟೆ. ತೆಗೆದುಕೊಂಡರು. ಆಮೇಲೆ ತಾವಾಗಿಯೇ ಡ್ರಮ್ಮಿನಿಂದ ತೆಗೆಯತೊಡಗಿದರು.

ಇವತ್ತು ಬೆಳಿಗ್ಗೆ ಮೇಸ್ತ್ರಿ ಉಳಿದದ್ದನ್ನೆಲ್ಲ ಕಿತ್ತು ನನ್ನ ಸಾಲಿಗೆ ಬಂದರು. ಕರಣೆಯ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತಾ ಹೋದರು. ನಾನು ಪರೀಕ್ಷೆ ಬರೆದ ಮಕ್ಕಳ ಹಾಗೆ ಅವರ ಹಿಂದೆ ಹಿಂದೆಯೇ ನಡೆದೆ. ಕೊನೆಯ ಇಟ್ಟಿಗೆ ತಟ್ಟಿ, ಮುಂಗೈಯಿಂದ ಧೂಳು ಒರೆಸಿ, "ಇದು ಇರಲಿ" ಅಂದರು.

ಇರಲಿ. ಇಷ್ಟು ವರ್ಷ ಎಷ್ಟು ಆಶೀರ್ವಾದ ಕೇಳಿದ್ದೇನೋ, ಈ ಒಂದು ಮಾತು ಇಡೀ ದಿನ ಕಿವಿಯಲ್ಲಿತ್ತು. ನಾದಿನಿ, "ಏನು ಅತ್ತಿಗೆ, ಇವತ್ತು ಎರಡನೇ ಸಲ ಬಡಿಸ್ಕೊಂಡ್ರಿ?" ಎಂದು ಖುಷಿಪಟ್ಟಳು. ಅವಳಿಗೂ ನನಗಾಗಿ ಎಷ್ಟು ಕಳವಳ. ಸಾಕ್ಷಿಯಲ್ಲಿ ಏನೇನು ಹೇಳಬೇಕು ಎಂದು ಮಲಗುವ ತನಕ ನೆನಪು ಮಾಡಿಕೊಟ್ಟಳು. ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಣ್ಣ ನಿಮಗೆ ತಲೆ ಬಾಚಿದ್ದು ಹೇಳಿ. ಅಣ್ಣ ಎಂದೂ ನಿಮ್ಮನ್ನು ಬಿಟ್ಟು ಉಣ್ಣುತ್ತಿರಲಿಲ್ಲ, ಅದನ್ನು ಹೇಳಿ. ಎಲ್ಲವೂ ನಿಜ. ಅದೇ ಕಷ್ಟ.

ಫೆಬ್ರವರಿ 13, ಗುರುವಾರ

ಮೇಸ್ತ್ರಿಯ ಹೆಂಡತಿಗೆ ಆ ಹನ್ನೊಂದು ದಿನದ ಸಂಗತಿ ಹೇಳಿಬಿಟ್ಟೆ. ಹೇಳಬೇಕು ಎಂದುಕೊಂಡು ಹೇಳಿದ್ದಲ್ಲ. ಇಬ್ಬರೂ ಮರಳು ಜರಡಿ ಹಿಡಿಯುತ್ತಿದ್ದೆವು, ಕೈ ಓಡುತ್ತಿತ್ತು, ಬಾಯಿಯೂ ಓಡಿತು.

ಆಕೆ ಜರಡಿ ನಿಲ್ಲಿಸಲಿಲ್ಲ. "ಕೊನೆಗೆ ಏನಾದ್ರೂ ಮಾತಾಡಿದ್ರಾ ಅವರು?"

"ಬಾಗಿಲಲ್ಲಿ ನಿಂತು, ಕೊಡೆ ತಗೊಂಡು ಹೋಗ್ಲಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಮುಖ ತಿರುಗಿಸಿದೆ."

"ತಗೊಂಡು ಹೋದ್ರಾ?"

"ಹೂಂ."

"ಮಳೆ ಬಂತಾ?"

"ಇಲ್ಲ."

ಆಕೆ ಇನ್ನೊಂದು ಬುಟ್ಟಿ ಮರಳನ್ನು ಜರಡಿಗೆ ಸುರಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗಡುಸಾಗಿಯೇ ಕೇಳಿದರು: "ನನಗ್ಯಾಕೆ ಹೇಳಿದ್ರಿ? ನಾನು ಅವರ ಹತ್ರ ಮಾತಾಡ್ಲಿ ಅಂತಾನಾ?"

"ಅಲ್ಲ. ಅವರು ಮಗಳ ಹತ್ರ ಮಾತಾಡೋ ತನಕ ನೀವು ಮಾತಾಡ್ಬೇಡಿ. ನಾನು ಯಾರಿಗಾದ್ರೂ ಹೇಳ್ಬೇಕಿತ್ತು, ಅಷ್ಟೇ. ನೀವು ನನ್ನನ್ನ ಒಳ್ಳೆಯವಳು ಅಂತ ಅಂದ್ಕೊಂಡಿಲ್ಲವಲ್ಲ."

"ಅಂದ್ಕೊಂಡಿಲ್ಲ" ಎಂದು ಆಕೆ ಒಪ್ಪಿಕೊಂಡರು. ಜರಡಿಯಲ್ಲಿ ಉಳಿದ ಕಲ್ಲನ್ನು ಚೆಲ್ಲಿ, "ನಿಮ್ಮ ಕೈ ಚೆನ್ನಾಗಿದೆ. ಬಾಯೇ ಕೆಟ್ಟದ್ದು" ಅಂದರು.

ನನಗೆ ಯಾಕೋ ಸಮಾಧಾನವಾಯಿತು. ಯಾರೋ ಒಬ್ಬರಾದರೂ ನನ್ನನ್ನು ಸರಿಯಾಗಿ ಅಳತೆ ಮಾಡಿದರು.

ಫೆಬ್ರವರಿ 15, ಶನಿವಾರ, ಬಸ್ಸಿನಲ್ಲಿ

ನಿನ್ನೆ ಬರೆಯಲಾಗಲಿಲ್ಲ.

ಸಂಜೆ ಆಸ್ಪತ್ರೆಯ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಎಲ್ಲರ ಸಾಕ್ಷಿಯೂ ಆಯಿತು. ಬ್ಯಾಂಕ್ ಅಂಕಲ್ ನಮ್ಮ ಗೋಡೆ ಎಷ್ಟು ನೆಟ್ಟಗೆ ನಿಂತಿದೆ, ಅದೇ ಪವಾಡ ಎಂದರು. ನಾನು ಅದನ್ನು ಮುಟ್ಟಲಿಲ್ಲ, ಅದು ಮೇಸ್ತ್ರಿಯ ಗುಟ್ಟು. ಆಮೇಲೆ ನಾದಿನಿ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಅವಳ ಕಣ್ಣಲ್ಲಿ ಆಗಲೇ ನೀರು.

ತಲೆ ಬಾಚಿದ್ದರಿಂದ ಶುರು ಮಾಡೋಣ ಎಂದುಕೊಂಡು ನಿಂತೆ. ಎರಡು ವಾಕ್ಯ ಹೇಳಿದೆ ಕೂಡ. ಕೇಳುವವರ ಮುಖಗಳೆಲ್ಲ ಮೆತ್ತಗಾಗುತ್ತಾ ಬಂದವು. ಇನ್ನು ಹತ್ತು ನಿಮಿಷ ಹೀಗೇ ಹೇಳಿದರೆ ಮುಗಿಯಿತು, ಸಾಯುವ ತನಕ ನಾನು ಒಳ್ಳೆಯ ಹೆಂಡತಿ. ಆಗ ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಈಗಲೂ ಗೊತ್ತಿಲ್ಲ. "ಅವರು ಸಾಯೋವಾಗ ನಾನು ಅವರ ಹತ್ತಿರ ಮಾತು ಬಿಟ್ಟಿದ್ದೆ. ಹನ್ನೊಂದು ದಿನ. ಒಂದು ಗುಂಡಿಗೋಸ್ಕರ" ಎಂದೆ. ಪೂರ್ತಿ ಹೇಳಿದೆ. ಕೆಮ್ಮು, ಕಪ್ಪು ದಾರ, ಕೊಡೆ. ದೇವರು ಏನು ಮಾಡಿದ ಎಂದು ಹೇಳಬೇಕಿತ್ತು, ಅದು ಬರಲಿಲ್ಲ. "ನನಗೆ ಇಷ್ಟೇ ಗೊತ್ತಿರೋದು" ಎಂದು ಕೂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಸ್ಟರು ಬೈಬಲ್ಲಿನ ಪುಟ ತಿರುವಿದರು, ಬೇಕಾದ ವಚನ ಸಿಕ್ಕಲಿಲ್ಲ, ಮುಚ್ಚಿದರು. ಬ್ಯಾಂಕ್ ಅಂಕಲ್ ಎದ್ದರು. "ಒಂದ್ನಿಮಿಷ. ಮನೆಗೆ ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಹೋದರು.

ನಾದಿನಿ ನನ್ನನ್ನು ನೋಡುತ್ತಿದ್ದಳು. "ನನ್ನ ಮನೆ ಊಟದಲ್ಲಿ?" ಎಂದಳು. "ನಾನು ನಕ್ಕಿದ್ದಕ್ಕೆ?"

"ನೀನು ನಕ್ಕಿದ್ದಕ್ಕಲ್ಲ."

"ಅಣ್ಣ ಆ ಹನ್ನೊಂದು ದಿನ ಯಾರ ಹತ್ರ ಮಾತಾಡ್ದ ಅತ್ತಿಗೆ? ನಾನು ಫೋನ್ ಮಾಡಿದಾಗೆಲ್ಲ ನಿ‍ಮ್ಮತ್ತಿಗೆ ಕೆಲಸದಲ್ಲಿದಾಳೆ, ನಿಮ್ಮತ್ತಿಗೆ ಸ್ನಾನಕ್ಕೆ ಹೋಗಿದಾಳೆ ಅಂತಿದ್ದ. ನಗ್ತಾ ಹೇಳ್ತಿದ್ದ."

ಇದು ನನಗೆ ಗೊತ್ತಿರಲಿಲ್ಲ. ಅಷ್ಟು ದಿನವೂ ನನ್ನನ್ನು ಮುಚ್ಚಿಕೊಂಡೇ ಬಂದಿದ್ದರು.

ನಾದಿನಿ ಎದ್ದು ಹೋದಳು. ಕೋಣೆಗೆ ಬಂದಾಗ ಅವಳ ಹಾಸಿಗೆ ಇರಲಿಲ್ಲ, ಬೇರೆ ಕೋಣೆಗೆ ಒಯ್ದಿದ್ದಳು. ಇವತ್ತು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ನೀರು ಬೇಕಾ ಎಂದೆ, ತಿರುಗಲಿಲ್ಲ. ಕಿಟಕಿ ಮುಚ್ಚಲಾ, ಗಾಳಿ ಬರ್ತಿದೆ ಎಂದೆ. ಇಲ್ಲ. ಅವಳ ಕತ್ತಿನ ಹಿಂದೆ ಅವಳ ಅಣ್ಣನಿಗಿದ್ದಂಥದೇ ಕೂದಲ ಸುಳಿ ಇದೆ, ಇಷ್ಟು ವರ್ಷ ನೋಡಿರಲಿಲ್ಲ.

ಬೆಳಿಗ್ಗೆ ಕೊನೆಯ ಸಲ ದಾರ ಹಿಡಿಯಲು ಹೋಗಿದ್ದೆ. ಮೇಸ್ತ್ರಿ, "ನಾಳೆಯಿಂದ ಹೇಳೋರು ಯಾರು ಅಂತ ಕೇಳಿ ಅವರನ್ನ" ಅಂದರು. ಹೆಂಡತಿ ಇಟ್ಟಿಗೆಯ ಕಡೆ ನೋಡುತ್ತಾ, "ಮಗಳ ಮನೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಅಲ್ಲಿ ಹೋಗಿ ಮಾತಾಡೋದು ಕಲಿತುಕೊಂಡು ಬರ್ಲಿ" ಅಂದರು. ಮೇಸ್ತ್ರಿ ತಲೆ ತಗ್ಗಿಸಿ ಗಾರೆ ಹಾಸಿದರು. ಅವರ ಕೆಲಸ ಅವರು ಮಾಡಿಕೊಳ್ಳಬೇಕು. ನಾನು ಇಬ್ಬರಿಗೂ ಕೈ ಮುಗಿದು ಬಂದೆ.

ಫೆಬ್ರವರಿ 18, ಮಂಗಳವಾರ

ಅಂಗಡಿ ತೆರೆದೆ. ಬೆರಳು ದಪ್ಪಗಾಗಿ ಸೂಜಿ ಹಿಡಿತಕ್ಕೆ ಸಿಗುತ್ತಿಲ್ಲ. ಕಲಿಯುವ ಹುಡುಗಿ ರವಿಕೆಯ ತೋಳು ತಲೆಕೆಳಗಾಗಿ ಜೋಡಿಸಿದ್ದಳು. ಅವಳ ಪಕ್ಕ ಕೂತು ಬಿಚ್ಚಿಸಿದೆ. "ಬೈಯಲ್ವಾ ಆಂಟಿ?" ಎಂದಳು. ನೆನಪಾಗಲಿಲ್ಲ ಎಂದೆ.

ಸಂಜೆ ನಾದಿನಿಯ ಮನೆಗೆ ಹೋದೆ. ಅವಳ ಗಂಡ ಬಾಗಿಲಿಗೆ ಬಂದು, ಮಲಗಿದ್ದಾಳೆ ಅಂದರು. ಒಳಗೆ ಪಾತ್ರೆಯ ಸದ್ದು ಬರುತ್ತಿತ್ತು. ನಾಳೆ ಬರ್ತೀನಿ ಎಂದೆ.

ಫೆಬ್ರವರಿ 19, ಬುಧವಾರ

ಹೋದೆ. ಮಲಗಿದ್ದಾಳಂತೆ. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬಂದೆ. ಅವಳಿಗೆ ಕೇಳಿಸುವ ಹಾಗೆ ಅಂಗಡಿಯ ಸುದ್ದಿ ಹೇಳಿದೆ. ಬಾಗಿಲ ಮುಂದೆ ಒಬ್ಬಳೇ ಮಾತಾಡುವ ಹುಚ್ಚಿ ಎಂದು ಎದುರು ಮನೆಯವರು ಇಣುಕಿದರು. ಇಣುಕಲಿ.

ಕರ್ತನೇ, ಅವಳು ಊಟ ಸರಿಯಾಗಿ ಮಾಡಲಿ.

ಫೆಬ್ರವರಿ 21, ಶುಕ್ರವಾರ

ಇವತ್ತೂ ಹೋದೆ. ಬಾಗಿಲು ಹಾಕಿತ್ತು. ಅವಳ ಗಂಡ ಇನ್ನೂ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಆಸ್ಪತ್ರೆಯಿಂದ ಪಾಸ್ಟರಿಗೆ ಫೋನ್ ಬಂದಿತ್ತಂತೆ, ಕೋಣೆಗಳಿಗೆ ಛಾವಣಿ ಹಾಕುವ ತಂಡ ಮುಂದಿನ ತಿಂಗಳು ಹೋಗುತ್ತಂತೆ ಎಂದು ಹೇಳುತ್ತಿದ್ದೆ. ಬಾಗಿಲ ಆಚೆ, ತೀರಾ ಹತ್ತಿರ, ಬಳೆ ಸದ್ದಾಯಿತು. ಅವಳೂ ಅಲ್ಲೇ ನೆಲದ ಮೇಲೆ ಕೂತಿದ್ದಾಳೆ ಎಂದು ಗೊತ್ತಾಯಿತು. ಎಷ್ಟು ದಿನದಿಂದ ಹಾಗೆ ಕೂರುತ್ತಿದ್ದಳೋ.

ಮಾತು ನಿಲ್ಲಿಸಿದೆ.

"ಅತ್ತಿಗೆ" ಎಂದಳು. ಏಳು ದಿನದ ಮೇಲೆ.

"ಹೇಳಮ್ಮ."

"ಅಣ್ಣ ಅವತ್ತು ಬೆಳಿಗ್ಗೆ ತಿಂಡಿ ತಿಂದು ಹೋದನಾ?"

ಹೌದು ಅನ್ನುವುದು ಎಷ್ಟು ಸುಲಭವಿತ್ತು. ಆ ಮನೆಯಲ್ಲಿದ್ದವರು ಇಬ್ಬರೇ, ಒಬ್ಬರು ಇಲ್ಲ. ಒಂದು ಹೌದು ಅಂದಿದ್ದರೆ ಅವಳು ಬಾಗಿಲು ತೆರೆಯುತ್ತಿದ್ದಳು, ನನ್ನನ್ನು ತಬ್ಬಿಕೊಂಡು ಅಳುತ್ತಿದ್ದಳು, ಅವಳಿಗೆ ಇವತ್ತು ನಿದ್ದೆ ಬರುತ್ತಿತ್ತು. ನನ್ನ ಬಾಯಿ ತೆರೆದೂ ಇತ್ತು.

"ಇಲ್ಲ ಕಣಮ್ಮ" ಎಂದೆ. "ನಾನು ಬಡಿಸಲಿಲ್ಲ. ಅವರು ಸ್ವಲ್ಪ ಹೊತ್ತು ಮೇಜಿನ ಹತ್ತಿರ ಕೂತಿದ್ದು, ಎದ್ದು ಹೋದರು."

ಒಳಗಿನಿಂದ ಒಂದು ಸದ್ದು ಬಂತು. ಮಕ್ಕಳು ಬಿದ್ದು ಪೆಟ್ಟಾದಾಗ, ಕೂಗುವ ಮೊದಲು ಉಸಿರು ಎಳೆದುಕೊಳ್ಳುತ್ತವಲ್ಲ, ಅಂಥದ್ದು. ಆಮೇಲೆ ಅವಳು ಜೋರಾಗಿ ಅಳತೊಡಗಿದಳು. ನನಗೂ ಬಂತು. ಏಳು ತಿಂಗಳಿಂದ ಬಾರದ್ದು, ಬೀದಿಯವರೆಲ್ಲ ನೋಡುವ ಹೊತ್ತಿನಲ್ಲಿ, ಚಪ್ಪಲಿಗಳ ಪಕ್ಕ ಕೂತಾಗ ಬಂತು. ಅವಳು ಆ ಕಡೆ, ನಾನು ಈ ಕಡೆ. ಬಾಗಿಲು ತೆರೆಯಲಿಲ್ಲ. ತೆರೆ ಎಂದು ನಾನೂ ಕೇಳಲಿಲ್ಲ. ಅವಳ ಅಣ್ಣ ಹಸಿದು ಹೋಗಿದ್ದಾನೆ.

ದೀಪ ಹಚ್ಚುವ ಹೊತ್ತಿಗೆ ಎದ್ದು ಬಂದೆ. ನಾಳೆ ಅಂಗಡಿ ಬೇಗ ಮುಚ್ಚಿ ಹೋಗಬೇಕು. ಅವಳು ಇನ್ನೇನು ಕೇಳಿದರೂ ಹೇಳುತ್ತೇನೆ.